ಪಟ್ಟದಕಲ್ಲು, ಐಹೊಳೆ: 48 ಮಂದಿಯ ಗುಂಪನ್ನು ಗುಡಿಯೊಳಗೆ ನಡೆಸುವುದು ಹೇಗೆ?

ಡೋಣಿ ದಂಡಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ವಿಜಯಪುರದಿಂದ ಒಂದು ಬಸ್ಸು ಹೊರಡಲಿದೆ, ಒಟ್ಟು 48 ಮಂದಿ. ಅರ್ಧದಷ್ಟು ಕಾಲೇಜಿನವರು, ಹದಿನೈದು ಹದಿನಾರು ಮಂದಿ ಅರವತ್ತು ದಾಟಿದವರು, ಉಳಿದವರು ಅವರ ಮನೆಯವರು. ಒಂದೇ ದಿನದ ಪ್ರವಾಸ.

ಇತಿಹಾಸ ಹೇಳಲು ಗೈಡ್ ಇರುತ್ತಾರೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ನಡಿಗೆಯದ್ದು. ಪಟ್ಟದಕಲ್ಲಿಗೆ ಬರುವ ಯಾವ ಗುಂಪನ್ನು ನೋಡಿದರೂ ಅದೇ ಕಥೆ: ಟಿಕೆಟ್ ತೆಗೆಸಿ ಕಾಲುದಾರಿ ಹಿಡಿಯುತ್ತಾರೆ, ಪ್ರತಿ ಗುಡಿಯ ಮುಂದೆ ಒಂದು ಫೋಟೊ, ವಿರೂಪಾಕ್ಷದಲ್ಲಿ ನಂದಿಯ ಮುಂದೆ ನೂಕುನುಗ್ಗಲು, ಕತ್ತಲಲ್ಲಿ ತಡಕಾಡುತ್ತ ಲಿಂಗದವರೆಗೆ ಹೋಗಿ ಕೈಮುಗಿದು ಹೊರಗೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು, "ಎಲ್ಲಾ ಗುಡಿ ಒಂದೇ ಥರ ಅದಾವಲ್ರೀ" ಎನ್ನುತ್ತ ಬಸ್ಸು ಹತ್ತುತ್ತಾರೆ.

ಕೇಳಬೇಕಾದ್ದು ಇಷ್ಟು. ಯಾವ ಗುಡಿ ಮೊದಲು, ಯಾವ ಕಡೆಯಿಂದ ಹೋಗಬೇಕು? ಒಳಗಿನ ಕತ್ತಲಿಗೆ ಏನು ಉಪಾಯ? ಇಷ್ಟು ಮಂದಿಗೆ ಎಲ್ಲಿ ನಿಂತು ವಿವರಿಸಬೇಕು? ಹಿರಿಯರು ಪ್ರದಕ್ಷಿಣೆ ಹಾಕಿಯೇ ಹಾಕುತ್ತಾರೆ, ಆಗ ಕಾಲೇಜಿನವರ ಜತೆ ತಿಕ್ಕಾಟ ಆಗದಂತೆ ಹೇಗೆ?

ಕಕ್ಷಾಸನ (ಬಾಗಲಕೋಟೆ)

ಸರ್, ಗೊಂದಲ ಶುರುವಾಗುವುದು ಟಿಕೆಟ್ ಕೌಂಟರಿನಿಂದ. ಪಟ್ಟದಕಲ್ಲಿನ ಗುಡಿಗಳೆಲ್ಲ ಪೂರ್ವಕ್ಕೆ, ಅಂದರೆ ಮಲಪ್ರಭೆಯ ಕಡೆಗೆ ಮುಖ ಮಾಡಿವೆ. ಹೊಳೆ ಅಲ್ಲಿ ಉತ್ತರಕ್ಕೆ ಹರಿಯುತ್ತದೆ. ಹೊಳೆಯ ಕಡೆಯಿಂದ ಬರುವವರಿಗಾಗಿ ಕಟ್ಟಿದ ಗುಡಿಗಳಿವು. ನಾವು ಈಗ ಒಳಗೆ ಹೋಗುವುದು ಉತ್ತರದ ತುದಿಯಿಂದ. ಹಾಗಾಗಿ ಪ್ರತಿ ಗುಡಿಯೂ ಪಕ್ಕದಿಂದ, ಇಲ್ಲವೇ ಬೆನ್ನ ಕಡೆಯಿಂದ ಮೊದಲು ಕಣ್ಣಿಗೆ ಬೀಳುತ್ತದೆ. ಹೀಗೆ ನೋಡಿದಾಗ ಶಿಖರವಷ್ಟೇ ಕಾಣುತ್ತದೆ. ಮುಖಮಂಟಪದಿಂದ ಗರ್ಭಗುಡಿಯವರೆಗೆ ಹಂತಹಂತವಾಗಿ ಒಳಗೆ ಕರೆದೊಯ್ಯುವ ಕ್ರಮ ತಿಳಿಯುವುದಿಲ್ಲ. ಎಲ್ಲ ಒಂದೇ ಥರ ಅನ್ನಿಸುವುದು ಇದೇ ಕಾರಣಕ್ಕೆ.

ಗೇಟನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಒಳಗಿನ ನಡಿಗೆಯನ್ನು ಬದಲಿಸಬಹುದು. ಮೊದಲು ಸಿಗುವ ಕಾಡಸಿದ್ಧೇಶ್ವರ, ಜಂಬುಲಿಂಗಗಳ ಒಳಗೆ ಹೋಗಬೇಡಿ. ಎರಡೂ ಸಣ್ಣ ಗುಡಿ, 48 ಮಂದಿಗೆ ಜಾಗವಿಲ್ಲ. ಹೊರಗೆ ನಿಂತು ಬಾಗುತ್ತ ಮೇಲೇರುವ ರೇಖಾನಾಗರ ಶಿಖರವನ್ನು ಮಾತ್ರ ತೋರಿಸಿ. ಗಳಗನಾಥದಲ್ಲಿ ಹತ್ತು ನಿಮಿಷ ಕೊಡಿ. ಅದರ ಮುಂದಿನ ಮಂಟಪ ಬಹುಪಾಲು ಬಿದ್ದುಹೋಗಿರುವುದರಿಂದ ಗರ್ಭಗುಡಿ, ಅದರ ಸುತ್ತಲಿನ ಹಾದಿ, ಹೊರಗೋಡೆ ಹೇಗೆ ಒಂದರೊಳಗೊಂದು ಕೂತಿವೆ ಅನ್ನುವುದು ಹಗಲು ಬೆಳಕಿನಲ್ಲೇ ಗೊತ್ತಾಗುತ್ತದೆ. ವಿರೂಪಾಕ್ಷದ ಕತ್ತಲಲ್ಲಿ ಕಾಣದ್ದನ್ನು ಇಲ್ಲಿ ತೋರಿಸಿಟ್ಟರೆ ಮುಂದೆ ಯಾರೂ ಗೊಂದಲಪಡುವುದಿಲ್ಲ. ದಕ್ಷಿಣದ ಬದಿಯಲ್ಲಿ ಅಂಧಕಾಸುರನನ್ನು ಶೂಲದಿಂದ ತಿವಿಯುವ ಶಿವ ಇದ್ದಾನೆ, ಅದನ್ನು ಬಿಡಬೇಡಿ.

ಮುಂದೆ ಸಂಗಮೇಶ್ವರ. ಬಾದಾಮಿ ಚಾಲುಕ್ಯರ ದೊರೆ ವಿಜಯಾದಿತ್ಯ (696–733) ಕಟ್ಟಿಸಿದ್ದು, ವಿಜಯೇಶ್ವರ ಎಂಬುದು ಅದರ ಹಳೆಯ ಹೆಸರು. ಇಲ್ಲಿ ಶಿಖರದ ಮುಂಭಾಗವನ್ನು ನೋಡಲು ಹೇಳಿ: ಮುಂದಕ್ಕೆ ಚಾಚಿದ ಶುಕನಾಸ ಇಲ್ಲ. ವಿರೂಪಾಕ್ಷ, ಮಲ್ಲಿಕಾರ್ಜುನಗಳಲ್ಲಿ ಇದೆ. ಇದೊಂದು ವ್ಯತ್ಯಾಸ ಕಣ್ಣಿಗೆ ಬಿದ್ದರೆ ಮುಂದಿನ ವ್ಯತ್ಯಾಸಗಳನ್ನು ಅವರೇ ಹುಡುಕತೊಡಗುತ್ತಾರೆ.

ಮುಖ್ಯ ಮಾತು ವಿರೂಪಾಕ್ಷದ್ದು. ಪಲ್ಲವರ ಕಂಚಿಯನ್ನು ಗೆದ್ದ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 740ರ ಹೊತ್ತಿಗೆ ಕಟ್ಟಿಸಿದ ಗುಡಿ. ಆವರಣ ಸೇರಿದ ಕೂಡಲೇ ಮಂದಿ ನಂದಿಯ ಕಡೆ ಓಡುತ್ತಾರೆ. ಅವರನ್ನು ತಡೆದು, ನಂದಿಮಂಟಪವನ್ನೂ ದಾಟಿಸಿ ಪೂರ್ವದ ಹೆಬ್ಬಾಗಿಲವರೆಗೆ ಕರೆದೊಯ್ಯಿರಿ. ಹೊಳೆಗೆ ಬೆನ್ನು ಮಾಡಿ ಎಲ್ಲರೂ ಅಲ್ಲಿ ತಿರುಗಿ ನಿಲ್ಲಲಿ. ಹೆಬ್ಬಾಗಿಲು, ನಂದಿ, ಮುಖಮಂಟಪ, ಹಿಂದೆ ವಿಮಾನ (ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ), ಎಲ್ಲವೂ ಒಂದೇ ಗೆರೆಯಲ್ಲಿ ಕಾಣುವುದು ಅಲ್ಲಿಂದಲೇ. ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಬಿರುದು ಕೊಟ್ಟ ಶಾಸನವೂ ಈ ಹೆಬ್ಬಾಗಿಲಲ್ಲೇ ಇದೆ. ಕಟ್ಟಿದವನ ಹೆಸರನ್ನು ಅವನು ಕಟ್ಟಿದ ಬಾಗಿಲಲ್ಲಿ ನಿಂತೇ ಹೇಳಿ. ಕಾಲೇಜಿನವರಿಗೆ ಇದು ಬಹಳ ಹಿಡಿಸುತ್ತದೆ.

ವಿವರಣೆಗೆ ಜಾಗ ಕೇಳಿದ್ದೀರಿ. ನಂದಿಮಂಟಪಕ್ಕೂ ಮುಖಮಂಟಪಕ್ಕೂ ನಡುವಿನ ಅಂಗಳವೇ ಸರಿ. ಹೇಳುವುದನ್ನೆಲ್ಲ ಅಲ್ಲೇ ಹೇಳಿ ಮುಗಿಸಿ. ಸಭಾಮಂಟಪದೊಳಗೆ ಗೈಡ್ ದನಿ ಎತ್ತಿದರೆ ಕಲ್ಲಿಗೆ ಬಡಿದು ಮಾತು ಕಲಸಿಹೋಗುತ್ತದೆ, ಹಿಂದಿನವರಿಗೆ ಒಂದಕ್ಷರವೂ ತಿಳಿಯುವುದಿಲ್ಲ, ಪೂಜೆಗೆ ಬಂದವರಿಗೂ ತೊಂದರೆ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ ಅನ್ನುವುದನ್ನು ಮೊದಲೇ ತಿಳಿಸಿ.

ಗುಳೇದಗುಡ್ಡ ಖಣ

ಕತ್ತಲದ ಬಗ್ಗೆ ನಾ ಹೇಳ್ತೀನ್ರಿ.

ಮಂದಿ ಬಿಸಿಲಾಗಿಂದ ಒಳಗ ಬಂದ ಕೂಡಲೇ ಮೊಬೈಲ್ ಟಾರ್ಚ್ ಹಚ್ಚತಾರ. ಅಲ್ಲಿಗೆ ಕೆಟ್ಟತು ನೋಡ್ರಿ. ಕಣ್ಣಿನ ಪಾಪೆ ಅಗಲ ಆಗಾಕ ಕೆಲವು ಸೆಕೆಂಡ್ ಸಾಕು, ಆದ್ರ ಕಣ್ಣಿನ ಒಳಪರದೆ ಕತ್ತಲಿಗೆ ಹೊಂದಾಕ ಮೊದಲ ಹಂತಕ್ಕ ಐದರಿಂದ ಹತ್ತು ನಿಮಿಷ, ಪೂರಾ ಹೊಂದಾಕ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ವಯಸ್ಸಾದವರಿಗೆ ಇನ್ನೂ ತಡ. ನಡುವ ಯಾರರೆ ಒಬ್ಬರು ಟಾರ್ಚ್ ಹಚ್ಚಿದ್ರ ಎಲ್ಲಾರ ಕಣ್ಣೂ ಮತ್ತ ಮೊದಲಿಂದ ಹೊಂದಬೇಕು. ಮೊಬೈಲ್ ಪರದೆ ನೋಡಿದ್ರೂ ಅದ ಗತಿ.

ಗುಡಿ ಕಟ್ಟಿದವರು ಇದಕ್ಕ ದಾರಿ ಇಟ್ಟಾರ. ಪೂರ್ವದ ಮುಖಮಂಟಪ ತೆರೆದದ್ದು, ಆದ್ರ ನೆರಳು. ಸಭಾಮಂಟಪಕ್ಕ ಜಾಲಂಧ್ರದಾಗಿಂದ (ತೂತು ಕೊರೆದ ಕಲ್ಲಿನ ಕಿಟಕಿ) ಸೋಸಿದ ಬೆಳಕು. ಅಂತರಾಳಕ್ಕ, ಅಂದ್ರ ಗರ್ಭಗುಡಿ ಮುಂದಿನ ಸಣ್ಣ ಜಾಗಕ್ಕ, ಇನ್ನೂ ಕಡಿಮಿ. ಗರ್ಭಗುಡಿಗೆ ದೀಪ ಅಷ್ಟ. ಒಂದೊಂದು ಕಡೆ ನಿಂತು ಹೋದ್ರ ಕಣ್ಣು ತಾನ ಹೊಂದಕೋತೈತಿ. ಓಡಿಕೋತ ಹೋದ್ರ ಬರೇ ಕಪ್ಪು.

ಹಿಂಗ ಮಾಡ್ರಿ. ಮುಖಮಂಟಪದಾಗ ನಾಕು ನಿಮಿಷ ನಿಲ್ಲಸ್ರಿ, ಹೊರಗಿನ ಬಿಸಿಲಿಗೆ ಬೆನ್ನು ಇರಬೇಕು. ತಲೆ ಎತ್ತಿ ಛತ್ತು ನೋಡಾಕ ಹೇಳ್ರಿ, ಅಲ್ಲಿ ರಥದ ಮ್ಯಾಲೆ ಸೂರ್ಯ ಇದ್ದಾನ. ಆಮೇಲೆ ಸಭಾಮಂಟಪದಾಗ ಹತ್ತು ನಿಮಿಷ. ಕಂಬದ ಮ್ಯಾಲಿನ ರಾಮಾಯಣ, ಮಹಾಭಾರತ, ಭಾಗವತದ ಪಟ್ಟಿ ಒಂದೊಂದು ಕಂಬಕ್ಕ ನಾಕೈದು ಮಂದಿ ಹಂಗ ನೋಡ್ಲಿ. ಮೊದಲ ನಿಮಿಷದಾಗ ಬರೇ ಕಲ್ಲು ಕಂಡಲ್ಲಿ ಐದನೇ ನಿಮಿಷಕ್ಕ ಕೈ, ಬಿಲ್ಲು, ರಥದ ಗಾಲಿ ಒಂದೊಂದ ಮ್ಯಾಲೆ ಬರ್ತಾವು. ಅದನ್ನ ಯಾರೂ ಬಾಯಿಲೆ ಹೇಳಿ ತಿಳಿಸಾಕ ಆಗಂಗಿಲ್ಲ. ಟಾರ್ಚ್ ಬೇಕ ಬೇಕು ಅಂದ್ರ ಕಡೀಕ, ಒಂದ ಟಾರ್ಚ್, ಕಂಬದ ಬಾಜೂಕ ಹಿಡಿದು ಓರೆಯಾಗಿ ಬಿಡ್ರಿ. ಎದುರಿಗೆ ಬಿಟ್ರ ಉಬ್ಬು ತಗ್ಗು ಎಲ್ಲಾ ಸಪಾಟ ಆಗಿ ಬಿಡತಾವು.

ಇನ್ನ ಹೊಸ್ತಿಲ. ಎತ್ತರದ ಹೊಸ್ತಿಲ ಬಂದ ಕೂಡಲೇ ಎಲ್ಲಾರೂ ಕಾಲ ಕೆಳಗ ನೋಡತಾರ, ನೋಡಲೂ ಬೇಕು, ಇಲ್ಲಂದ್ರ ಎಡವತಾರ. ಹಂಗಾಗಿ ಬಾಗಿಲವಾಡದ ಕೆತ್ತನಿ ಪೂರಾ ತಪ್ಪಿ ಹೋಗತೈತಿ. ಹೊಸ್ತಿಲಕ್ಕಿಂತ ಎರಡು ಹೆಜ್ಜಿ ಹಿಂದ ನಿಲ್ಲಸ್ರಿ. ಕೆಳಗ ಎರಡೂ ಕಡೆ ದ್ವಾರಪಾಲಕರು, ಮ್ಯಾಲೆ ನಡುವ ಲಲಾಟಬಿಂಬ (ಬಾಗಿಲ ತಲಿ ಮ್ಯಾಲಿನ ಸಣ್ಣ ಮೂರ್ತಿ), ಎರಡೂ ನೋಡಿ ಆದ ಮ್ಯಾಲೆ ಕಾಲ ಎತ್ತಿ ದಾಟ್ಲಿ. ಹಿರಿಯರ ಮುಂದ ಒಬ್ಬ ಹುಡುಗ ದಾಟಿ ನಿಂತು ಕೈ ಕೊಡಬೇಕು. ಬಿಸಿಲಿನಿಂದ ಕತ್ತಲಕ್ಕ ಬರೋ ಜಾಗದಾಗ ಬೀಳೋದು ಜಾಸ್ತಿ.

ಪ್ರದಕ್ಷಿಣಿ ವಿಚಾರ. ವಿರೂಪಾಕ್ಷದ ಗರ್ಭಗುಡಿ ಸುತ್ತ ಒಳಗಿನ ಹಾದಿ ಸಣ್ಣದು. ಶಿವನ ಗುಡಿಯಾಗ ಕೆಲವು ಹಿರಿಯರು ಪೂರಾ ಸುತ್ತು ಹಾಕಂಗಿಲ್ಲ. ಅಭಿಷೇಕದ ನೀರು ಹೊರಗ ಹೋಗೋ ಗೋಮುಖಿ ದಾಟಬಾರದು ಅಂತ ಉತ್ತರದ ಕಡೆ ನಿಂತು ಹೊಳ್ಳಿ ಬರ್ತಾರ. ಹಿಂದಿನವರು ಮುಂದ ನುಗ್ಗತಾರ, ಇವರು ಎದುರಿಗೆ ಬರ್ತಾರ, ಕತ್ತಲದಾಗ ಡಿಕ್ಕಿ. ಅದಕ್ಕ ಹಿರಿಯರನ್ನ ಮೊದಲ ಬಿಡ್ರಿ, ಅವರು ಹೊರಗ ಬಂದ ಮ್ಯಾಲೆ ಹುಡುಗರು. ಯಾರಿಗೂ 'ನೀವು ತಪ್ಪು ಮಾಡಾಕತ್ತೀರಿ' ಅನ್ನೋದು ಬ್ಯಾಡ. ಎರಡೂ ಪದ್ಧತಿ ಅದಾವು.

ಭೂತನಾಥ ಬದಿ (ಬಾದಾಮಿ)

ಮೇಲಿನ ಎರಡೂ ಉತ್ತರ ಒಪ್ಪುತ್ತೇನೆ. ನನ್ನ ತಕರಾರು ಒಂದೇ: ಬಾದಾಮಿ ಎಲ್ಲಿ? ಮೂರನೇ ಗುಹೆಯ ಶಾಸನ 578ರದು, ವಿರೂಪಾಕ್ಷ 740ರದು. ಬಂಡೆಯನ್ನು ಒಳಕ್ಕೆ ಕೊರೆದು ಮಾಡಿದ ಮಂಟಪವನ್ನು ಮೊದಲು ನೋಡಿದವರಿಗೆ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪಟ್ಟದಕಲ್ಲಿನಲ್ಲೂ ಅದೇ ಮುಂಪಡಸಾಲೆ, ಕಂಬದ ಹಜಾರ, ಹಿಂದೆ ಗರ್ಭಗುಡಿ ಬಂದಿದೆಯಲ್ಲ ಎಂದು ಹೊಳೆಯುತ್ತದೆ. ಹಿಂದುಮುಂದಾದರೆ ಗುಹೆಗಳು ಬರೀ ಗುಹೆಗಳಾಗಿ ಉಳಿಯುತ್ತವೆ. ಒಂದು ರಾತ್ರಿ ಉಳಿಯಲು ಸಾಧ್ಯವಿದ್ದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಈ ಕ್ರಮವೇ ಸರಿ.

ಒಂದೇ ದಿನ ಎಂದಾದರೆ ಬೆಳಕಿನ ಲೆಕ್ಕವನ್ನಾದರೂ ಸರಿಯಾಗಿ ಹಾಕಿ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನವೂ ಸುಮಾರು 50 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆಗ್ನೇಯದಿಂದ ಬಿಸಿಲು ಬಂದು ಗುಡಿಯ ಮುಂಭಾಗ, ದಕ್ಷಿಣದ ಗೋಡೆ ಎರಡಕ್ಕೂ ಓರೆಯಾಗಿ ಬೀಳುತ್ತದೆ. ದೇವಕೋಷ್ಠದ (ಗೋಡೆಯ ಗೂಡಿನ) ಮೂರ್ತಿಗಳು ಚೆನ್ನಾಗಿ ಎದ್ದು ಕಾಣುವ ಹೊತ್ತು ಅದೇ. ಎರಡು ಗಂಟೆಯ ನಂತರ ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳಿಗೆ ಬಿಸಿಲು. ಉತ್ತರದ ಗೋಡೆಗೆ ಡಿಸೆಂಬರಿನಲ್ಲಿ ನೇರ ಬಿಸಿಲೇ ಇಲ್ಲ. ಪಟ್ಟದಕಲ್ಲಿನ ಪಾಪನಾಥ ಗುಡಿಯ ದಕ್ಷಿಣ ಗೋಡೆಯ ರಾಮಾಯಣ ನಿಚ್ಚಳವಾಗಿ ಕಂಡು, ಉತ್ತರ ಗೋಡೆಯ ಅರ್ಜುನನ ಕಥೆ ಮಂಕಾಗಿ ಕಾಣುವುದು ಇದರಿಂದ. ಅಲ್ಲಿ ಹತ್ತಿರ ಹೋಗಿ ನಿಂತು ನೋಡಬೇಕು, ದೂರದ ಫೋಟೊದಲ್ಲಿ ಏನೂ ಬರುವುದಿಲ್ಲ.

ಬೇಸಿಗೆಯಲ್ಲಿ ಬರುವವರಿಗೂ ಒಂದು ಮಾತು. ನಮ್ಮ ಭಾಗದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಆಗ ಕಪೋತದ (ಮುಂದೆ ಚಾಚಿದ ಕಲ್ಲಿನ ಸೂರಿನ) ನೆರಳು ನೇರ ಕೆಳಗೆ ಬಿದ್ದು ಮೂರ್ತಿಯ ಮುಖವೆಲ್ಲ ಕಪ್ಪು. ಮೇ ತಿಂಗಳಲ್ಲಿ ಹನ್ನೊಂದರ ನಂತರ ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಿಡಲೂ ಆಗುವುದಿಲ್ಲ. ದಪ್ಪ ಕಾಲುಚೀಲ ತರಲು ಹೇಳಿ. ಡಿಸೆಂಬರಿಗೆ ಆ ತೊಂದರೆ ಇಲ್ಲ.

ಡೋಣಿ ದಂಡಿ (ವಿಜಯಪುರ)

ಬಹಳ ಉಪಕಾರ ಆಯಿತು. ರಾತ್ರಿ ಉಳಿಯುವುದು ಈ ಸಲ ಆಗದ ಮಾತು. ಹುನಗುಂದ, ಅಮೀನಗಡದ ಕಡೆಯಿಂದ ಬಂದರೆ ಐಹೊಳೆಯೇ ಮೊದಲು ಸಿಗುತ್ತದೆ, ಅಲ್ಲೇ ಇಳಿದುಬಿಡೋಣವೇ? ಐಹೊಳೆಯಲ್ಲಿ ದುರ್ಗ ಗುಡಿ, ಲಾಡ್‌ಖಾನ್ ಎರಡನ್ನು ಬಿಟ್ಟು ಬೇರೆ ಏನು ಸೇರಿಸಬೇಕು?

ಕಕ್ಷಾಸನ (ಬಾಗಲಕೋಟೆ)

ಐಹೊಳೆಯಲ್ಲಿ ಇಳಿಯಬೇಡಿ, ಮುಂದೆ ಹೋಗಿ. ಅಲ್ಲಿಂದ ಪಟ್ಟದಕಲ್ಲು 13–14 ಕಿ.ಮೀ. ಅಷ್ಟೇ. ಬೆಳಗಿನ ಬಿಸಿಲು ಪಟ್ಟದಕಲ್ಲಿಗೆ ಸಿಗಲಿ, ಊಟ ಮಾಡಿ ಐಹೊಳೆಗೆ ಹಿಂತಿರುಗಿ. ಊರಿಗೆ ಹೊರಡುವ ದಾರಿಯೂ ಅದೇ ಆಗುತ್ತದೆ.

ದುರ್ಗ ಗುಡಿಯ ಹೆಸರು ಬಂದಿರುವುದು ಪಕ್ಕದಲ್ಲಿದ್ದ ಕೋಟೆಯಿಂದ, ದೇವಿಯಿಂದಲ್ಲ. ಹಿರಿಯರು ಒಳಗೆ ದುರ್ಗೆಯನ್ನು ಹುಡುಕುತ್ತಾರೆ, ಮೊದಲೇ ಹೇಳಿಬಿಡಿ. ಆ ಗುಡಿ ಇರುವುದೇ ಸುತ್ತು ಹಾಕುವುದಕ್ಕೆ. ಗಜಪೃಷ್ಠದ ನೆಲಗಟ್ಟು, ಹಿಂಬದಿ ಅರ್ಧವೃತ್ತ, ಹೊರಗೆ ಕಂಬಸಾಲಿನ ಪಡಸಾಲೆ, ಒಳಗೆ ಗರ್ಭಗುಡಿಯ ಸುತ್ತ ಇನ್ನೊಂದು ಹಾದಿ. ಹೀಗೆ ಎರಡು ಪ್ರದಕ್ಷಿಣಾಪಥ. ಮೆಟ್ಟಿಲು ಹತ್ತಿದವರು ಸೀದಾ ಒಳಮಂಟಪಕ್ಕೆ ಹೋಗುತ್ತಾರೆ, ಖಾಲಿ ಗರ್ಭಗುಡಿ ನೋಡಿ ವಾಪಸು. ಅತ್ಯುತ್ತಮವಾದ ಶಿಲ್ಪಗಳೆಲ್ಲ ಹೊರಗಿನ ಪಡಸಾಲೆಯಲ್ಲಿವೆ.

ಆದ್ದರಿಂದ ಒಳಗೆ ಹೋಗುವ ಮುನ್ನ ಎಡಕ್ಕೆ ತಿರುಗಿಸಿ. ಗೋಡೆ ಬಲಗೈ ಕಡೆ ಇರಬೇಕು. ಮೊದಲು ನಂದಿಯೊಡನೆ ನಿಂತ ಶಿವ, ಆಮೇಲೆ ನರಸಿಂಹ, ಗರುಡನ ಜತೆ ವಿಷ್ಣು. ಹಿಂಬದಿಯ ತಿರುವು ದಾಟಿದ ಮೇಲೆ ವರಾಹ, ಮಹಿಷಮರ್ದಿನಿ, ಕೊನೆಗೆ ಹರಿಹರ. ಆ ತಿರುವಿನಲ್ಲಿ ಮುಂದಿನ ಮೂರ್ತಿ ಕಾಣುವುದಿಲ್ಲ, ಗೋಡೆ ಬಾಗುತ್ತ ಹೋಗುತ್ತದೆ, ನಡೆದಂತೆಲ್ಲ ಒಂದೊಂದಾಗಿ ಎದುರಾಗುತ್ತವೆ. ಎದುರು ದಿಕ್ಕಿನಿಂದ ಹೋದರೆ ಹರಿಹರನಿಂದ ಶುರುವಾಗುತ್ತದೆ, ಕ್ರಮ ಕೆಡುತ್ತದೆ. ಪಡಸಾಲೆಯಲ್ಲಿ ಮೂರ್ತಿಯಿಂದ ಹೆಚ್ಚು ದೂರ ಸರಿಯಲು ಜಾಗವಿಲ್ಲ. ಹಿಂದಕ್ಕೆ ಹೆಜ್ಜೆ ಹಾಕುತ್ತ ಫೋಟೊ ತೆಗೆಯುವವರು ಕಂಬಗಳ ನಡುವಿನಿಂದ ಕೆಳಗೆ ಬೀಳುವ ಅಪಾಯ ನಿಜವಾಗಿಯೂ ಇದೆ. ಒಮ್ಮೆಗೆ ಹನ್ನೆರಡು ಮಂದಿಯನ್ನು ಮಾತ್ರ ಬಿಡಿ. ಉಳಿದವರು ಕೆಳಗೆ ಹುಲ್ಲಿನ ಮೇಲೆ ನಿಂತು ಅಧಿಷ್ಠಾನದ (ಗುಡಿಯ ಕೆಳಗಿನ ಕಟ್ಟೆಯ) ಪಟ್ಟಿಕೆಗಳನ್ನು ನೋಡುತ್ತ ಹೊರಸುತ್ತು ಬರಲಿ, ಆಮೇಲೆ ಅದಲುಬದಲು.

ಲಾಡ್‌ಖಾನಿನಲ್ಲಿ ಇದಕ್ಕೆ ತದ್ವಿರುದ್ಧ. ಗರ್ಭಗುಡಿ ಹಿಂಗೋಡೆಗೆ ಅಂಟಿಕೊಂಡಿರುವುದರಿಂದ ಸುತ್ತುವ ಹಾದಿಯೇ ಇಲ್ಲ, ಮಂಟಪದ ನಡುವೆ ನಂದಿ. ದುರ್ಗ ಗುಡಿಯನ್ನು ಸುತ್ತಿ ಬಂದ ತಕ್ಷಣ ಇಲ್ಲಿಗೆ ತಂದರೆ ಕಾಲಿಗೇ ವ್ಯತ್ಯಾಸ ತಿಳಿಯುತ್ತದೆ. ಹೊರಗೆ ಬಂದು ಚಾವಣಿಯನ್ನೂ ತೋರಿಸಿ: ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿ, ಸಂದು ಮುಚ್ಚಲು ಮೇಲೆ ಉದ್ದನೆಯ ಕಲ್ಲುಪಟ್ಟಿ. ಮರದ ಮನೆಯ ಕಟ್ಟೋಣ ಕಲ್ಲಿಗೆ ಬಂದಿರುವುದು.

ಸೇರಿಸುವುದಾದರೆ ರಾವಣಫಡಿ ಗುಹೆ ಒಂದೇ ಸಾಕು. ಪಕ್ಕದ ಕೋಣೆಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವ. ಬಾದಾಮಿ ತಪ್ಪಿದ್ದಕ್ಕೆ ಬಂಡೆ ಕೊರೆದ ಗುಡಿ ಇಲ್ಲೊಂದಾದರೂ ಆಗುತ್ತದೆ. ಮೇಗುತಿ ಗುಡ್ಡ ಹತ್ತುವುದು ಕಾಲೇಜಿನವರಿಗೆ ಮಾತ್ರ, ಕವಿ ರವಿಕೀರ್ತಿಯ 634ರ ಶಾಸನ ಅಲ್ಲಿನ ಗುಡಿಯ ಹೊರಗೋಡೆಯಲ್ಲಿದೆ. ಅಷ್ಟು ಹೊತ್ತು ಹಿರಿಯರು ಮ್ಯೂಸಿಯಂ ನೋಡಲಿ. ಶುಕ್ರವಾರ ಅದಕ್ಕೆ ರಜೆ, ದಿನ ಗೊತ್ತುಮಾಡುವಾಗ ನೆನಪಿರಲಿ.

ಕೋಟೆ ಬಾಗಿಲು (ಬೆಳಗಾವಿ)

ಬೆಳಗಾವಿ ಕಡೆಯ ಎರಡು ಸ್ಥಳದ ಅನುಭವ ಇಲ್ಲಿಗೂ ಅನ್ವಯಿಸೀತು.

ನಮ್ಮ ಕೋಟೆಯೊಳಗಿನ ಕಮಲ ಬಸದಿ 1204ರದು. ಎಲ್ಲರೂ ಬರುವುದು ಛತ್ತಿನಿಂದ ಇಳಿಬಿದ್ದ ಕಮಲ ನೋಡಲಿಕ್ಕೆ. ಬಾಗಿಲು ದಾಟುವಾಗಲೇ ತಲೆ ಮೇಲೆತ್ತಿ ನಡೆಯುತ್ತಾರೆ, ಎದುರಿನ ಕಂಬಕ್ಕೋ ಮುಂದಿನವರಿಗೋ ಹಾಯುತ್ತಾರೆ. ನಿಯಮ ಒಂದೇ: ನಡೆಯುವಾಗ ನೆಲ, ನಿಂತಾಗ ಛತ್ತು. ಪಟ್ಟದಕಲ್ಲಿನ ಸೂರ್ಯನ ಛತ್ತಿಗೂ ಇದನ್ನೇ ಹೇಳಿ.

ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದುರು. ನಡುಮಂಟಪದಲ್ಲಿ ನಿಂತವರಿಗೆ ಮುಂದು ಯಾವುದು ಹಿಂದು ಯಾವುದು ತಿಳಿಯದು, ಒಬ್ಬ ದೇವರಿಗೆ ಕೈಮುಗಿದರೆ ಇನ್ನೊಬ್ಬ ದೇವರಿಗೆ ಬೆನ್ನು. ಗುಂಪು ನಡುವೆ ನಿಲ್ಲದೆ ಬದಿಯ ಕಂಬಸಾಲಿಗೆ ಸರಿದರೆ ಎರಡೂ ಕಾಣುತ್ತವೆ, ಪೂಜೆಗೂ ಅಡ್ಡ ಬರುವುದಿಲ್ಲ. ವಿರೂಪಾಕ್ಷದ ಅಂತರಾಳದಲ್ಲೂ ಇದೇ ತೊಡಕು. ಅಲ್ಲಿ ಎರಡು ಬದಿಗೆ ಗಣೇಶ, ಮಹಿಷಮರ್ದಿನಿಯರ ಸಣ್ಣ ಗುಡಿಗಳು ಎದುರುಬದುರಾಗಿವೆ. ನಡುವೆ ನಿಂತವರು ಲಿಂಗವನ್ನೇ ನೋಡುತ್ತಾರೆ, ಎಡಬಲ ಯಾರೂ ತಿರುಗುವುದಿಲ್ಲ. ನಾಲ್ಕು ನಾಲ್ಕು ಮಂದಿಯನ್ನು ಬಿಟ್ಟು, ಎರಡೂ ಕಡೆ ನೋಡಿದ ಮೇಲೆ ಮುಂದಕ್ಕೆ ಬಿಡಿ.

ಗುಳೇದಗುಡ್ಡ ಖಣ

ಹೊತ್ತಿನ ಲೆಕ್ಕ ಹೇಳಿ ಮುಗಸ್ತೀನ್ರಿ. ವಿಜಯಪುರ ಐದಕ್ಕ ಬಿಡ್ರಿ, ನಡುವ ನಾಷ್ಟಾ ಹಿಡಿದು ಒಂಬತ್ತರೊಳಗ ಪಟ್ಟದಕಲ್ಲ. ಗಳಗನಾಥ, ಸಂಗಮೇಶ್ವರ ಮುಗಿಸಿ ಹತ್ತಕ್ಕ ವಿರೂಪಾಕ್ಷದ ಪೂರ್ವ ಹೆಬ್ಬಾಗಿಲ. ಮಂದಿನ್ನ ಮೂರು ಗುಂಪು ಮಾಡ್ರಿ, ಹದಿನಾರು ಹದಿನಾರು. ಒಂದು ಗುಂಪು ಒಳಗ, ಒಂದು ದಕ್ಷಿಣದ ಹೊರಗೋಡಿಗೆ, ಒಂದು ನಂದಿ ಹತ್ರ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬದಲಿ. ಹಿರಿಯರ ಗುಂಪು ಮೊದಲ ಒಳಗ ಹೋಗ್ಲಿ, ಆಮೇಲೆ ಅವರು ಅಂಗಳದಾಗ ಕುಂತರೂ ನಡೀತೈತಿ.

ಮಲ್ಲಿಕಾರ್ಜುನ ವಿರೂಪಾಕ್ಷದ ನಂತರ ನೋಡ್ರಿ, ಮೊದಲ ಅಲ್ಲ, ದಾರಿಯಾಗ ಮೊದಲ ಸಿಕ್ರೂ. ಲೋಕಮಹಾದೇವಿ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು, ಅದ ನಕ್ಷೆ, ಸಣ್ಣ ಅಳತಿ. ದೊಡ್ಡದು ನೋಡಿದವರಿಗೆ ಇದು ಹದಿನೈದು ನಿಮಿಷದಾಗ ಪೂರಾ ತಿಳೀತೈತಿ. ಪಾಪನಾಥ ದಕ್ಷಿಣಕ್ಕ ಸ್ವಲ್ಪ ದೂರ ನಡೀಬೇಕು, ಮೊಣಕಾಲು ನೋವು ಇದ್ದವರನ್ನ ಒತ್ತಾಯ ಮಾಡಬ್ಯಾಡ್ರಿ. ಹನ್ನೆರಡೂವರಿಗೆ ಊಟ, ಎರಡಕ್ಕ ಐಹೊಳಿ, ಐದರತನಕ. ಆರರ ಸುಮಾರಿಗೆ ಹೊತ್ತು ಮುಳಗತೈತಿ, ಅಷ್ಟೊತ್ತಿಗೆ ಅಮೀನಗಡ ದಾಟಿರ್ತೀರಿ. ಅಲ್ಲಿ ಕರದಂಟು ತಗೊಳಾಕ ಹದಿನೈದು ನಿಮಿಷ ಬಸ್ ನಿಲ್ಲಸ್ರಿ, ಇಲ್ಲಂದ್ರ ಹೆಣ್ಮಕ್ಕಳು ಸುಮ್ಮನ ಬಿಡಂಗಿಲ್ಲ.